ಆ್ಯಪ್‌ಗಿಂತ ಹಾಲಿನ ಬೂತೇ ವಾಸಿ

ಅಪ್ಪ ರಿಟೈರ್ ಆದ ಮೇಲೆ ತುಮಕೂರಿನ ಅಂಚಿನಲ್ಲಿ, ಕ್ಯಾತ್ಸಂದ್ರದ ಕಡೆ, ಮನೆ ಕಟ್ಟಿಕೊಂಡು ಬಂದು ಎಂಟು ತಿಂಗಳಾಯಿತು. ನೀರು, ರಸ್ತೆ ಪರವಾಗಿಲ್ಲ. ತಟ್ಟೆ ಇಡ್ಲಿಗಂತೂ ಕೊರತೆಯೇ ಇಲ್ಲ. ಆದರೆ ಅಪ್ಪನಿಗೆ ಕೂತು ಓದಲು ಒಂದು ಜಾಗ, ಅಮ್ಮನಿಗೆ ಮಾತಿಗೆ ನಾಲ್ಕು ಜನ ಬೇಕಿತ್ತು. ಅದು ಎಲ್ಲಿ ಸಿಗುತ್ತದೆ ಅಂತ ಗೊತ್ತಿರಲಿಲ್ಲ.

ಮೊದಲು ಒಂದು ಆ್ಯಪ್ ಹಾಕಿಕೊಂಡೆ. ಹತ್ತಿರದ ಯೋಗ ತರಗತಿ ಅಂತ ಹುಡುಕಿದ್ದಷ್ಟೇ, ಮಧ್ಯಾಹ್ನದೊಳಗೆ ಆರು ಫೋನು. ಮೂರು ಜಿಮ್‌ನವರು, ಇಬ್ಬರು ತೂಕ ಇಳಿಸುವ ಪೌಡರ್‌ನವರು, ಒಬ್ಬ ಸೈಟು ಮಾರುವವನು. ಅಮ್ಮನಿಗೆ 64 ವರ್ಷ ಕಣ್ರೀ! ಒಂದು ಸ್ಟಾರ್, ಅದೂ ಜಾಸ್ತಿನೇ.

ಲೇಔಟಿನ ವಾಟ್ಸಾಪ್ ಗ್ರೂಪಿಗೆ ಎರಡು ಸ್ಟಾರ್. ದಿನಾ ಗುಡ್ ಮಾರ್ನಿಂಗ್ ಹೂವು ಬಿಟ್ಟರೆ, ಕರೆಂಟ್ ಹೋದಾಗ ಬೆಸ್ಕಾಂಗೆ 1912 ಮಾಡಿ ಅಂತ ಯಾರೋ ಹಾಕಿದ್ದು ಒಂದೇ ಉಪಯೋಗಕ್ಕೆ ಬಂದಿದ್ದು.

ಕೊನೆಗೆ ಕೆಲಸ ಆಗಿದ್ದು ನಂದಿನಿ ಬೂತಿನ ಹತ್ತಿರ. ಸುಮ್ನೆ ಕೇಳಿದೆ. "ಅಮ್ಮಾವ್ರಿಗಾ ಸಾರ್? ಪತಂಜಲಿ ಯೋಗದವರು ಇದ್ದಾರಲ್ಲ, ಬೆಳಗಿನ ಜಾವ ಎದ್ದರೆ ಸಾಕು, ದುಡ್ಡೇನೂ ಇಲ್ಲ" ಅಂದರು. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ಹುಟ್ಟಿದ್ದೇ ನಮ್ಮ ತುಮಕೂರಿನಲ್ಲಿ, ಅದು ನನಗೇ ಗೊತ್ತಿರಲಿಲ್ಲ ನೋಡಿ! ಮೊದಲ ವಾರ ಅಮ್ಮ ಅಲಾರಂಗೆ ಶಾಪ ಹಾಕುತ್ತಾ ಹೋದರು. ಈಗ ನಾವು ಏಳುವಷ್ಟರಲ್ಲಿ ಯೋಗ ಮುಗಿಸಿ, ಅಲ್ಲೇ ಪರಿಚಯ ಆದ ಇಬ್ಬರ ಜೊತೆ ಅಮಾನಿಕೆರೆಗೆ ವಾಕಿಂಗ್ ಹೋಗೋ ಮಾತು ನಡೆಸಿರುತ್ತಾರೆ.

ಲೈಬ್ರರಿ ವಿಷಯ ಹೇಳಿದ್ದೂ ಅದೇ ಕ್ಯೂನಲ್ಲಿ ನಿಂತಿದ್ದ ಒಬ್ಬ ಮೇಷ್ಟ್ರು. ಅಪ್ಪ ಉತ್ಸಾಹದಲ್ಲಿ ಮಾರನೇ ದಿನವೇ ಹೊರಟರು, ಅವತ್ತು ಸೋಮವಾರ, ಬೀಗ. ಸರ್ಕಾರಿ ಗ್ರಂಥಾಲಯಕ್ಕೆ ಸೋಮವಾರ ರಜೆ, ಎರಡನೇ ಮಂಗಳವಾರವೂ ರಜೆ, ನೆನಪಿಟ್ಟುಕೊಳ್ಳಿ. ನಾವು ಕಟ್ಟುವ ಮನೆ ಕಂದಾಯದ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಹೋಗುತ್ತದೆ, ಹಾಗಾಗಿ ಹೋಗಿ ಕೂರದೇ ಇದ್ದರೆ ನಮಗೇ ನಷ್ಟ ಅಲ್ವಾ? ಕುರ್ಚಿ ಸ್ವಲ್ಪ ಹಳೆಯದು, ಹೊಸ ಪುಸ್ತಕ ಕಡಿಮೆ. ಆದರೆ ಪೇಪರ್ ಎಲ್ಲಾ ಬರುತ್ತವೆ, ಅಪ್ಪನ ವಯಸ್ಸಿನವರೂ ಬರುತ್ತಾರೆ. ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಟಿಕೆಟ್ಟಿನಲ್ಲಿ 25% ಕಡಿಮೆ ಅಂತ ಅಪ್ಪನಿಗೆ ಗೊತ್ತಾಗಿದ್ದೂ ಅಲ್ಲೇ. ಈಗ ಕೆಲಸ ಇರಲಿ ಬಿಡಲಿ, ಬೆಂಗಳೂರಿಗೆ ಹೊರಡುತ್ತಾರೆ. ಅಮ್ಮ ಮಾತ್ರ ಶಕ್ತಿ ಯೋಜನೆಯ ಫ್ರೀ ಟಿಕೆಟ್ ತೋರಿಸಿ ಅವರನ್ನು ರೇಗಿಸುತ್ತಾರೆ.

ಲೈಬ್ರರಿಗೆ ನಾಲ್ಕು ಸ್ಟಾರ್, ಬೂತಿಗೆ ಐದು. ಮಕ್ಕಳಿಗೆ ಭಾನುವಾರ ಚಿತ್ರಕಲೆ ಹೇಳಿಕೊಡುವವರು ಮಾತ್ರ ಇನ್ನೂ ಸಿಕ್ಕಿಲ್ಲ. ಬೂತಿನಲ್ಲಿ ಹೇಳಿಟ್ಟಿದ್ದೇನೆ.