ದೋಣಿ ಬ್ಯಾಟರಿಯಿಂದ ಲ್ಯಾಪ್‌ಟಾಪ್‌ಗೆ ಕರೆಂಟ್: ಇನ್ವರ್ಟರೋ, ಅಡಾಪ್ಟರೋ, ಯುಎಸ್‌ಬಿ-ಸಿಯೋ?

ನನ್ನ ಹಾಯಿದೋಣಿಯಲ್ಲಿ ಎಂಜಿನ್‌ದು ಬಿಟ್ಟರೆ ಇರುವುದು 100 ಆಂಪ್-ಅವರ್‌ನ ಒಂದೇ ಲೆಡ್-ಆಸಿಡ್ ಬ್ಯಾಟರಿ. ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದರೆ ಕೈಗೆ ಸಿಗುವುದು 50 ಆಂಪ್-ಅವರ್. ಫ್ರಿಜ್, ದೀಪ, ರೇಡಿಯೊ ಎಲ್ಲಕ್ಕೂ ಅದರಲ್ಲೇ ಪಾಲು. ನನ್ನ ಕೆಲಸವೆಲ್ಲ ಲ್ಯಾಪ್‌ಟಾಪ್‌ನಲ್ಲಿ, ಸಮುದ್ರದ ನಕ್ಷೆ ಟ್ಯಾಬ್ಲೆಟ್‌ನಲ್ಲಿ. ಇವೆರಡೂ ಎಷ್ಟು ಕರೆಂಟ್ ತಿನ್ನುತ್ತವೆ ಎಂದು ತಿಳಿಯಲು ಬ್ಯಾಟರಿಯ ನೆಗೆಟಿವ್ ತಂತಿಗೆ ಶಂಟ್ ಮೀಟರ್ ಕೂರಿಸಿ, ಮೂರು ದಾರಿಗಳನ್ನೂ ಒಂದೊಂದು ವಾರ ಬಳಸಿ ನೋಡಿದೆ.

ಮೊದಲು ಇನ್ವರ್ಟರ್. ಲ್ಯಾಪ್‌ಟಾಪ್ ಜೊತೆ ಬಂದ ಚಾರ್ಜರನ್ನೇ ಚುಚ್ಚಿದರಾಯಿತು, ಬೇರೇನೂ ಕೊಳ್ಳಬೇಕಿಲ್ಲ. ಆದರೆ ಇಲ್ಲಿ ಕರೆಂಟು ಸುತ್ತುದಾರಿ ಹಿಡಿಯುತ್ತದೆ: 12 ವೋಲ್ಟ್ ಡಿಸಿ ಮೊದಲು ಮನೆಯ ಎಸಿ ಆಗಬೇಕು, ಚಾರ್ಜರ್ ಅದನ್ನು ಮತ್ತೆ 20 ವೋಲ್ಟ್ ಡಿಸಿ ಮಾಡಬೇಕು. ಎರಡು ಕಡೆಯೂ ಸೋರಿಕೆ. ಲ್ಯಾಪ್‌ಟಾಪ್ 60 ವಾಟ್ ಎಳೆಯುವಾಗ ಮೀಟರ್ 6.2 ಆಂಪ್ ತೋರಿಸಿತು. ಅದಕ್ಕಿಂತ ಬೇಸರವಾದದ್ದು ಏನೂ ಚುಚ್ಚದಿದ್ದಾಗ. ಸುಮ್ಮನೆ ಆನ್ ಇದ್ದರೂ ಅರ್ಧ ಆಂಪ್ ಹೋಗುತ್ತಿತ್ತು. ರಾತ್ರಿ ಹಗಲು ಹಾಗೇ ಬಿಟ್ಟರೆ 12 ಆಂಪ್-ಅವರ್, ಅಂದರೆ ನನ್ನ ಪಾಲಿನ ಕಾಲು ಭಾಗ, ಒಂದಕ್ಷರ ಟೈಪ್ ಮಾಡದೆಯೇ ಹೋದಂತೆ. ನನ್ನದು ಮನೆ ಕರೆಂಟಿನ ನಯವಾದ ಅಲೆಯ ಬದಲು ಮೆಟ್ಟಿಲುಮೆಟ್ಟಿಲಾದ ಅಲೆ ಕೊಡುವ ಮಾಡಿಫೈಡ್ ಸೈನ್ ವೇವ್ ಇನ್ವರ್ಟರ್ ಆದ್ದರಿಂದ ಚಾರ್ಜರ್ ಗುಂಯ್‌ಗುಟ್ಟುತ್ತಿತ್ತು, ಮುಟ್ಟಿದರೆ ಮಾಮೂಲಿಗಿಂತ ಬಿಸಿ. ಪ್ಯೂರ್ ಸೈನ್ ವೇವ್ ಆದರೆ ಆ ತೊಂದರೆ ಇರುವುದಿಲ್ಲ. ಆದರೂ ಉಪ್ಪುನೀರು ಸಿಡಿಯುವ ಜಾಗದಲ್ಲಿ ಮನೆ ಕರೆಂಟಿನಷ್ಟು ವೋಲ್ಟೇಜ್ ಇಟ್ಟುಕೊಳ್ಳುವುದು ನನಗೆ ಸರಿ ಕಾಣದು.

ಎರಡನೆಯದು ಕಾರಿನಲ್ಲಿರುವಂಥ 12 ವೋಲ್ಟ್ ಲೈಟರ್ ಸಾಕೆಟ್‌ಗೆ ಚುಚ್ಚುವ, ಬೇರೆ ಬೇರೆ ಪಿನ್‌ಗಳಿರುವ 19 ವೋಲ್ಟ್ ಅಡಾಪ್ಟರ್. ಕರೆಂಟ್ ಉಳಿತಾಯವೇನೋ ಆಯಿತು. ಆದರೆ ಕೆಲವು ಲ್ಯಾಪ್‌ಟಾಪ್‌ಗಳು ಪಿನ್ನಿನ ನಡುವಿನ ಸಣ್ಣ ತಂತಿಯಲ್ಲಿ ತಮ್ಮದೇ ಚಾರ್ಜರ್‌ನ ಗುರುತು ಹುಡುಕುತ್ತವೆ. ನನ್ನ ಹಳೆಯ ಲ್ಯಾಪ್‌ಟಾಪ್ ಈ ಅಡಾಪ್ಟರ್‌ನಿಂದ ಓಡಿತು, ಚಾರ್ಜ್ ಮಾತ್ರ ಏರಲಿಲ್ಲ. ಯುಎಸ್‌ಬಿ-ಸಿ ಇಲ್ಲದ ಲ್ಯಾಪ್‌ಟಾಪ್ ಇದ್ದವರಿಗೆ, ಇನ್ವರ್ಟರ್ ಬೇಡವೆಂದರೆ, ಬೇರೆ ದಾರಿಯಿಲ್ಲ, ತಮ್ಮ ಮಾದರಿಗೆ ಹೊಂದುತ್ತದೆಯೇ ಎಂದು ನೋಡಿಯೇ ಕೊಳ್ಳಬೇಕು.

ಈಗ ನಾನು ನೆಚ್ಚಿಕೊಂಡಿರುವುದು 12 ವೋಲ್ಟ್‌ನಿಂದ ನೇರ ಓಡುವ ಯುಎಸ್‌ಬಿ-ಸಿ ಪವರ್ ಡೆಲಿವರಿ ಚಾರ್ಜರ್. ಎಂಜಿನ್ ಓಡುವಾಗ ಬ್ಯಾಟರಿ 14.4 ವೋಲ್ಟ್‌ಗೆ ಏರಿದರೂ, ಫ್ರಿಜ್ ಎಳೆದು 12ಕ್ಕೆ ಇಳಿದರೂ ಲ್ಯಾಪ್‌ಟಾಪ್‌ಗೆ ಹೋಗುವುದು ತಾನು ಕೇಳಿಕೊಂಡ 20 ವೋಲ್ಟೇ. ಅದೇ 60 ವಾಟ್‌ಗೆ ಮೀಟರ್‌ನಲ್ಲಿ 5.2 ಆಂಪ್. ಐದು ಗಂಟೆ ಕೆಲಸಕ್ಕೆ 5 ಆಂಪ್-ಅವರ್ ಉಳಿಯಿತು, ನನಗೆ ಅದು ದೊಡ್ಡದು. ಕೇಬಲ್ ವಿಷಯ ಮಾತ್ರ ಮರೆಯಬೇಡಿ: ಸಾಮಾನ್ಯ ಸಿ-ಟು-ಸಿ ಕೇಬಲ್ 3 ಆಂಪ್‌ನದು, 60 ವಾಟ್‌ಗೆ ನಿಲ್ಲುತ್ತದೆ. 100 ವಾಟ್ ಬೇಕಿದ್ದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪ್ ಕೇಬಲ್ ಬೇಕು.

ಟ್ಯಾಬ್ಲೆಟ್‌ಗೂ ಇದೇ ಚಾರ್ಜರ್. ಬಿಸಿಲಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ ನಕ್ಷೆ ತೆರೆದಿಟ್ಟಾಗ ಹಳೆಯ 5 ವೋಲ್ಟ್ ಸಾಕೆಟ್‌ನಿಂದ ಚಾರ್ಜ್ ಇಳಿಯುತ್ತಲೇ ಇತ್ತು, ಇದರಲ್ಲಿ ಏರುತ್ತದೆ.

ಇಷ್ಟಾದರೂ ಮೊದಲ ವಾರ ಚಾರ್ಜರ್ ಆಗಾಗ ಆರಿ ಹತ್ತುತ್ತಿತ್ತು. ತಪ್ಪು ಅದರದ್ದಲ್ಲ. ಬ್ಯಾಟರಿಯಿಂದ ಮೇಜಿಗೆ 6 ಮೀಟರ್, ಹೋಗಿ ಬರಲು 12 ಮೀಟರ್ ತಂತಿ, ಅದೂ 1.5 ಚದರ ಮಿಲಿಮೀಟರ್‌ನದು. 6 ಆಂಪ್ ಹರಿದರೆ ದಾರಿಯಲ್ಲೇ 0.8 ವೋಲ್ಟ್ ಕಳೆದುಹೋಗುತ್ತದೆ. ಜೊತೆಗೆ ಲೈಟರ್ ಸಾಕೆಟ್‌ನ ಸ್ಪ್ರಿಂಗ್‌ಗೆ ಹಸಿರು ಕಿಲುಬು ಹಿಡಿದಿತ್ತು, ಅಲೆಗೆ ದೋಣಿ ಕುಲುಕಿದಾಗಲೆಲ್ಲ ಪ್ಲಗ್ ಅಲ್ಲಾಡುತ್ತಿತ್ತು. ಸಾಕೆಟ್ ಕಿತ್ತುಹಾಕಿದೆ. ತವರದ ಲೇಪನದ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದು, ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿ, ಚಾರ್ಜರನ್ನು ಗೋಡೆಗೇ ಕೂರಿಸಿದೆ. ನಷ್ಟ 0.3 ವೋಲ್ಟ್‌ಗೆ ಇಳಿಯಿತು, ಆಮೇಲೆ ಒಮ್ಮೆಯೂ ಆರಿಲ್ಲ. ಬರೀ ಚಾರ್ಜರ್ ಬದಲಿಸಿ ಬೇಸತ್ತವರು ಮೊದಲು ತಂತಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಪರೀಕ್ಷೆ ಕೊಳ್ಳುವ ದಿನವೇ ಮಾಡಿ. ವಿಎಚ್‌ಎಫ್ ರೇಡಿಯೊದ ಸ್ಕ್ವೆಲ್ಚನ್ನು (ಹಿನ್ನೆಲೆ ಶಬ್ದ ಅಡಗಿಸುವ ತಿರುಪು) ಗೊರಗೊರ ಶಬ್ದ ಈಗಷ್ಟೇ ನಿಲ್ಲುವ ಮಟ್ಟಕ್ಕಿಟ್ಟು ಚಾರ್ಜರ್‌ಗೆ ಲ್ಯಾಪ್‌ಟಾಪ್ ಚುಚ್ಚಿ. ನಾನು ತಂದ ಮೊದಲ ಅಗ್ಗದ ಚಾರ್ಜರ್‌ಗೆ ರೇಡಿಯೊ ಒಂದೇ ಸಮ ಕಿರುಗುಟ್ಟಿತು, ದೂರದ ದೋಣಿಗಳ ಮಾತು ಅದರಡಿ ಮುಳುಗಿಹೋಯಿತು. ತಂತಿಗೆ ರೇಡಿಯೊ ಗದ್ದಲ ತಡೆಯುವ ಫೆರೈಟ್ ಉಂಗುರ ಸಿಕ್ಕಿಸಿದರೂ ಸಾಲಲಿಲ್ಲ. ಅದನ್ನು ದಡದಲ್ಲೇ ಬಿಟ್ಟು ಬಂದೆ.