ರೆಮಿಂಗ್ಟನ್ 788 ಮೇಲೆ ಲ್ಯುಪೋಲ್ಡ್ 4-12 ಸ್ಕೋಪ್: ಮೂರು ಸೀಸನ್ ಆದ್ಮೇಲೆ

ಸ್ಕೋಪ್, ಅಂದ್ರೆ ಗುರಿ ಇಡೋಕೆ ಕೋವಿ ಮೇಲೆ ಕೂರಿಸೋ ದುರ್ಬೀನು, ಚೆನ್ನಾಗಿದೆ, ಅದನ್ನ ಮೊದಲೇ ಹೇಳಿ ಮುಗಿಸ್ತೀನಿ. ಇಷ್ಟುದ್ದ ಬರೆಯೋಕೆ ಕಾರಣ ಸ್ಕೋಪ್ ಕೆಳಗಿರೋ ಅಕ್ಕಿಕಾಳಿನಷ್ಟು ಒಂದು ಸ್ಕ್ರೂ, ನನ್ನ ಒಂದಿಡೀ ಸೀಸನ್ನು ತಿಂದುಹಾಕಿದ್ದು ಅದೇ.

ನಾನು ಕೊಡಗಿನವನು. ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ನಳಿಗೆಗೆ ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡೋದು ನೋಡ್ಕೊಂಡು ಬೆಳೆದೋನು, ಅಲ್ಲಿ ಸ್ಕೋಪ್ ಅನ್ನೋ ಮಾತೇ ಇರ್ಲಿಲ್ಲ, ಕಣ್ಣು ನೆಟ್ಟಗಿದ್ರೆ ಸಾಕು. ಈಗ ಇರೋದು ಆರೆಗಾನ್‌ನ ಹಿಲ್ಸ್‌ಬರೋದಲ್ಲಿ. ಮಾರ್ಚ್ ಮುಗಿಯೋ ಹೊತ್ತಿಗೆ ಐದು ಗಂಟೆ ಡ್ರೈವ್ ಮಾಡಿ ಬರ್ನ್ಸ್ ಕಡೆ ಹೋಗ್ತೀವಿ, ಅಲ್ಲಿ ಅಲ್ಫಾಲ್ಫಾ ಹೊಲಗಳಲ್ಲಿ, ನಮ್ಮ ಕಡೆ ಲೂಸರ್ನ್ ಅಂತಾರಲ್ಲ ಅದೇ, ನೆಲ ಅಳಿಲುಗಳು ಬಿಲ ತೋಡಿ ಮೇವು ಮೇಯ್ದು ರೈತರ ಹೊಟ್ಟೆ ಉರಿಸ್ತವೆ. ಅಲ್ಲಿನ ಜನ ಅದಕ್ಕೆ ಸೇಜ್ ರ‍್ಯಾಟ್ ಅಂತಾರೆ. ಹೊಲದ ಯಜಮಾನನ್ನ ಕೇಳ್ಕೊಂಡು, ದನ ಎಲ್ಲಿದೆ ಪೈಪ್ ಎಲ್ಲಿದೆ ನೋಡ್ಕೊಂಡು, ಅಳಿಲು ಹೊಡೆಯೋಕೆ ಕೂತ್ಕೊಳ್ಳೋದು.

ಕೋವಿ ಹಳೇದು. 788 ಅನ್ನ 1967ರಿಂದ 1983ರವರೆಗೆ ಮಾಡಿದ್ರು, ಆಗಿನ ಕಾಲಕ್ಕೆ ಬಡವರ ರೈಫಲ್. ನಂದು .222 ಕ್ಯಾಲಿಬರ್, ಗಿರವಿ ಅಂಗಡೀಲಿ ಸಿಕ್ಕಿದ್ದು, ಕಟ್ಟಿಗೆ ಮೇಲೆ ಗೀರು ಜಾಸ್ತಿ, ನಳಿಗೆ ಮಾತ್ರ ಕನ್ನಡಿ ಥರ. ಕೋವಿಗಿಂತ ಸ್ಕೋಪ್‌ಗೆ ಜಾಸ್ತಿ ದುಡ್ಡು ಹಾಕಬಾರ್ದು ಅಂತ ಹಟ ಇತ್ತು, ಅದಕ್ಕೇ ಸೆಕೆಂಡ್‌ಹ್ಯಾಂಡ್ ಲ್ಯುಪೋಲ್ಡ್ ವಿಎಕ್ಸ್-2, 4-12 ಪವರ್ ಅಂದ್ರೆ 4ರಿಂದ 12 ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 40 ಎಂಎಂ, ಅದರ ಹತ್ರ ತಿರುಗಿಸೋ ಫೋಕಸ್ ರಿಂಗ್ ಇರೋದು. ಆ ರಿಂಗ್ ಬೇಕೇ ಬೇಕು ಅಂದ್ಕೊಂಡಿದ್ದೆ. ತಲೆ ಸರಿದಾಗ ಕ್ರಾಸ್‌ಹೇರ್ ಅನ್ನೋ ಗುರಿಗೆರೆಯೂ ಸರಿದಂಗೆ ಕಾಣೋದಕ್ಕೆ ಪ್ಯಾರಲಾಕ್ಸ್ ಅಂತಾರೆ, ಅದನ್ನ ದೂರಕ್ಕೆ ತಕ್ಕಂತೆ ಸರಿಮಾಡೋದು ಆ ರಿಂಗೇ. ಮಾಮೂಲಿ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸ್‌ನ 100 ಅಥವಾ 150 ಗಜಕ್ಕೆ ಫ್ಯಾಕ್ಟರೀಲೇ ಕೂರಿಸಿರ್ತಾರೆ, ಜಿಂಕೆ ಹೊಡೆಯೋರಿಗೆ ಅದು ಸಾಕು, ಗೇಣುದ್ದದ ಅಳಿಲಿಗೆ ಸಾಲಲ್ಲ, ತಲೆ ಸ್ವಲ್ಪ ಅಲ್ಲಾಡಿದ್ರೆ ಕ್ರಾಸ್‌ಹೇರ್ ತೇಲಿ ಆಚೆ ಹೋಗುತ್ತೆ. 20 ಪವರ್ ತಗೋ ಅಂದೋರೂ ಇದ್ರು. ಬಿಸಿಲು ಏರಿದ್ಮೇಲೆ ಅಷ್ಟು ಪವರ್‌ನಲ್ಲಿ ಕಾಣೋದು ಬರೀ ಝಳ, ನನಗೆ 12 ಧಾರಾಳ ಆಯ್ತು.

ಕೂರಿಸಿದ್ದು ಅಡುಗೆಮನೆ ಟೇಬಲ್ ಮೇಲೆ, ಭಾನುವಾರ ಬೆಳಿಗ್ಗೆ. ಕೋವಿ ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ, ತೋಟಾ ಒಳಗೆ ತಳ್ಳೋ ಸರಳು, ಅದೇ ಬೋಲ್ಟ್, ಹೊರಗೆ ತೆಗೆದು, ಹಳೇ ಟವೆಲ್ ಹಾಸಿ ಮಲಗಿಸಿದೆ. ಹೆಂಡ್ತಿ ಕಾಫಿ ಲೋಟ ಇಡೋಕೆ ಜಾಗ ಹುಡುಕ್ತಾ "ಇದೇನು ಮನೇನಾ ಗರಾಜಾ" ಅಂದ್ಳು. ಸ್ಕ್ರೂ ತೂತುಗಳಲ್ಲಿ ಎಷ್ಟೋ ವರ್ಷದ ಗ್ರೀಸ್ ಬೆಲ್ಲದ ಪಾಕದ ಥರ ಗಟ್ಟಿ ಕೂತಿತ್ತು, ಇಯರ್‌ಬಡ್‌ಗೆ ಆಲ್ಕೋಹಾಲ್ ಹಚ್ಚಿ ಒಂದೊಂದೇ ತೆಗೆದೆ. ಆಮೇಲೆ ಹೊರಗೆ ಬೇಲಿಗೆ ದಾರ ಇಳಿಬಿಟ್ಟು ತುದಿಗೆ ದೊಡ್ಡ ನಟ್ ಕಟ್ಟಿ, ಗಾರೆಯವರು ಗೋಡೆ ನೋಡ್ತಾರಲ್ಲ ಹಂಗೆ, ಕೋವಿ ವಾಲದ ಹಾಗೆ ಕೂರಿಸಿ ಕ್ರಾಸ್‌ಹೇರ್‌ನ ಆ ದಾರಕ್ಕೆ ಸರಿಮಾಡ್ದೆ. ಕಣ್ಣು ಮುಚ್ಚಿ ಭುಜಕ್ಕೆ ತಗೊಂಡು ಕಣ್ಣು ಬಿಟ್ಟಾಗ ಚಿತ್ರ ಪೂರ್ತಿ ಕಾಣೋವರೆಗೆ ಸ್ಕೋಪ್ ಹಿಂದೆ ಮುಂದೆ, ಅದೂ ದಪ್ಪ ಜಾಕೆಟ್ ಹಾಕ್ಕೊಂಡೇ, ಯಾಕಂದ್ರೆ ಬರ್ನ್ಸ್‌ನಲ್ಲಿ ಏಪ್ರಿಲ್ ಬೆಳಿಗ್ಗೇನೂ ನೀರು ಹೆಪ್ಪುಗಟ್ಟುತ್ತೆ. ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ, ಸ್ಕೋಪನ್ನ ಸುತ್ತಿ ಹಿಡಿಯೋ ರಿಂಗ್‌ಗಳ ಸ್ಕ್ರೂಗೆ 15 ಇಂಚು-ಪೌಂಡ್, ಆ ರಿಂಗ್‌ಗಳ ಕೆಳಗೆ ಕೋವಿಗೆ ಕೂರೋ ಬೇಸ್‌ನ ಸ್ಕ್ರೂಗೆ 20. ಇಷ್ಟು ಶ್ರದ್ಧೆಯಿಂದ ನಾನು ಮದ್ವೆ ಅಕ್ಕಿಕಾಳೂ ಹಾಕಿಲ್ಲ.

ಮೊದಲ ದಿನ 100 ಗಜದಲ್ಲಿ ಮುಕ್ಕಾಲು ಇಂಚಿನ ಗ್ರೂಪ್, ಅಂದ್ರೆ ಈಡುಗಳೆಲ್ಲ ಅಷ್ಟರೊಳಗೇ ಬಿದ್ವು. ಎರಡನೇ ಟ್ರಿಪ್ಪಲ್ಲಿ ಎರಡು ಇಂಚು. ಮೂರನೇದ್ರಲ್ಲಿ ಮೂರು. ತೋಟಾ ಬದಲಾಯಿಸ್ದೆ, ಕಾಫಿ ಬಿಟ್ಟೆ, ನನ್ನ ಚಾಳೀಸನ್ನ ಬೈದೆ. ಕ್ರಾಸ್‌ಹೇರ್ ಸರಿಸೋ ಟರೆಟ್ ಗುಂಡಿಗಳನ್ನ ತಿರುಗಿಸ್ತಾ ಮೂಲೆ ಮೂಲೆಗೆ ಈಡು ಹೊಡೆಯೋ ಬಾಕ್ಸ್ ಟೆಸ್ಟೂ ಮಾಡ್ದೆ: 20 ಕ್ಲಿಕ್ ಬಲಕ್ಕೆ, 20 ಮೇಲೆ, 20 ಎಡಕ್ಕೆ, 20 ಕೆಳಗೆ. ಕಾಲು ಇಂಚಿನ ಕ್ಲಿಕ್ ಅಂದ್ರೆ ಐದಿಂಚಿನ ಚೌಕ ಬರ್ಬೇಕು, ಬಂತು, ಆದ್ರೆ ಮೂಲೆಗಳೆಲ್ಲ ಚೆಲ್ಲಾಪಿಲ್ಲಿ. ಚೌಕ ಬಂದಿದೆ ಅಂದ್ರೆ ಸ್ಕೋಪ್ ತಪ್ಪಿಲ್ಲ ಅಂತ ಅಲ್ಲೇ ಹೊಳೀಬೇಕಿತ್ತು, ಹೊಳೀಲಿಲ್ಲ. ಲ್ಯುಪೋಲ್ಡ್ ಕಂಪನಿ ಇರೋದು ಪಕ್ಕದ ಬೀವರ್ಟನ್‌ನಲ್ಲೇ, ವಾರಂಟಿ ಎರಡನೇ ಮಾಲೀಕನಿಗೂ ಇದೆ, ಹೋಗಿ ಜಗಳ ಆಡಿ ಬರ್ತೀನಿ ಅಂತ ಮನಸಲ್ಲೇ ಡೈಲಾಗ್ ಬರ್ಕೊಂಡು ಸ್ಕೋಪ್ ಬಿಚ್ಚೋಕೆ ಕೂತೆ.

ಬಿಚ್ಚೋವಾಗ ಹೆಬ್ಬೆರಳು ಮುಂದಿನ ಬೇಸ್ ಮೇಲೆ ಬಿತ್ತು. ಬೇಸ್ ಕೆಳಗಿಂದ ಕೂದಲೆಳೆಯಷ್ಟು ಎಣ್ಣೆ ಹೊರಗೆ ಬಂತು. ಬೆರಳು ತೆಗೆದೆ, ಒಳಗೆ ಹೋಯ್ತು. ಒತ್ತಿದೆ, ಬಂತು.

ಬೇಸ್ ಜೊತೆ ಎರಡು ಅಳತೆ ಸ್ಕ್ರೂ ಬಂದಿದ್ವು, ನಾನು ಉದ್ದದ್ದನ್ನ ಮುಂದಿನ ತೂತಿಗೆ ಹಾಕಿದ್ದೆ. ಅದು ಬೇಸನ್ನ ಬಿಗಿ ಹಿಡಿಯೋಕೆ ಮೊದಲೇ ಒಳಗೆ ನಳಿಗೆಯ ತಿರುಪಿನ ಮರೆಗೆ, ಅದೇ ಥ್ರೆಡ್‌ಗೆ, ಹೋಗಿ ತಗುಲಿ ನಿಂತುಬಿಟ್ಟಿತ್ತು, ಟಾರ್ಕ್ ರೆಂಚು ಟಿಕ್ ಅಂದಿದ್ದು ಅದಕ್ಕೇ, ನಾನು ಬಿಗಿ ಆಯ್ತು ಅಂದ್ಕೊಂಡೆ. ಸ್ಕ್ರೂ ತುದಿ ನೋಡಿದ್ರೆ ತಟ್ಟೆ ಥರ ಚಪ್ಪಟೆ ಆಗಿ ಹೊಳೀತಿತ್ತು. ಈ ಸ್ಕ್ರೂಗಳಿಗೆ ಇಂಚಿಗೆ 48 ಮರೆ, ಒಂದು ಸುತ್ತು ಅಂದ್ರೆ ಅರ್ಧ ಮಿಲಿಮೀಟರ್ ಅಷ್ಟೇ, ಅದಕ್ಕಿಂತ ಕಮ್ಮಿ ವ್ಯತ್ಯಾಸ ಇಷ್ಟು ಕುಣಿಸ್ತು. ಹಳೇ ಕೋವಿಗೆ ಸ್ಕೋಪ್ ಕೂರಿಸೋರು ದಯವಿಟ್ಟು ಒಂದೊಂದೇ ಸ್ಕ್ರೂ ಹಾಕಿ ಬಿಗಿ ಮಾಡಿ ಬೇಸ್ ಅಲ್ಲಾಡಿಸಿ ನೋಡಿ, ಅಲ್ಲಾಡಿದ್ರೆ ಸ್ಕ್ರೂ ಉದ್ದ. ಬೋಲ್ಟೂ ಹಾಕಿ ನೋಡಿ, ಎಲ್ಲೂ ತಗುಲಬಾರ್ದು.

ಗಿಡ್ಡ ಸ್ಕ್ರೂ ಹಾಕ್ದೆ, ಮುಕ್ಕಾಲಿಂಚು ವಾಪಸ್ ಬಂತು. ಈಗ ಎರಡು ಸೀಸನ್ನಿಂದ ಟರೆಟ್ ಕ್ಯಾಪ್ ತೆಗೆದಿಲ್ಲ, 200 ಗಜಕ್ಕೆ ಜೀರೋ ಮಾಡಿಟ್ಟಿದ್ದು, ಅಂದ್ರೆ ಗುರಿ ಇಟ್ಟಲ್ಲೇ ಈಡು ಬೀಳೋ ಹಾಗೆ ಕೂರಿಸಿದ್ದು, ಹಂಗೇ ಇದೆ. ಆ ಫೋಕಸ್ ರಿಂಗ್ ತಿರುಗಿಸ್ತಾ ಅಳಿಲು ಬಿಲದ ಬಾಯಲ್ಲಿ ನಿಂತು ಮೂತಿ ಒರೆಸ್ಕೊಳ್ಳೋದು ನೋಡೋದೇ ಒಂದು ಚಟ ಆಗ್ಬಿಟ್ಟಿದೆ, ಎಷ್ಟೋ ಸಲ ಈಡು ಹೊಡೆಯೋದೇ ಮರೆತು ಪಕ್ಕದವನ ಹತ್ರ ಬೈಸ್ಕೊಂಡಿದೀನಿ. ಕೋವಿ ಹಿಡಿಕೆ ಕೆನ್ನೆಗೆ ಸ್ವಲ್ಪ ತಗ್ಗು, ಕಬ್ಬಿಣದ ಸೈಟ್ ಕಾಲದ್ದಲ್ವಾ, ಹಳೇ ಯೋಗ ಮ್ಯಾಟ್ ತುಂಡು ಕತ್ತರಿಸಿ ಸುತ್ತಿದೀನಿ, ನೋಡೋಕೆ ದರಿದ್ರ, ಕೆಲಸ ಮಾಡುತ್ತೆ.

ಸ್ಕ್ರೂ ತಲೆಯಿಂದ ಬೇಸ್‌ವರೆಗೆ ಮಗಳ ಕೆಂಪು ನೇಲ್ ಪಾಲಿಷ್‌ನಲ್ಲಿ ಒಂದೊಂದು ಗೆರೆ ಎಳೆದಿಟ್ಟಿದೀನಿ, ಸ್ಕ್ರೂ ಸ್ವಲ್ಪ ತಿರುಗಿದ್ರೂ ಗೆರೆ ಮುರಿಯುತ್ತೆ. ಪ್ರತಿ ಟ್ರಿಪ್ ಮುಂಚೆ ಕನ್ನಡಕ ಹಾಕ್ಕೊಂಡು ಆರೂ ಗೆರೆ ನೋಡ್ತೀನಿ. ಬಾಟ್ಲಿ ಇನ್ನೂ ಗನ್ ಸೇಫಲ್ಲೇ ಇದೆ, ಅವಳು ಎರಡು ಸಲ ಕೇಳಿದ್ದಾಳೆ.