ಹೊಳೆಯುವ ಕ್ಯಾಪ್, ಕರಿಗೆರೆಯ ಕ್ಯಾಪ್: ಬದಲಿಸಬೇಕಾದದ್ದು ಯಾವುದು?

ಹಲ್ಲಿಗೆ ಹಾಕಿಸಿದ ಕ್ಯಾಪ್ 10–15 ವರ್ಷ ಬರುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಲೆಕ್ಕ ಹಿಡಿದರೆ ನನ್ನ ಎಡಗಡೆಯ ಕ್ಯಾಪ್ ಎಂದೋ ನಿವೃತ್ತಿಯಾಗಬೇಕಿತ್ತು, ಬಲಗಡೆಯದು ಇನ್ನೂ ಸರ್ವಿಸಿನಲ್ಲಿ ಇರಬೇಕಿತ್ತು. ಆದದ್ದು ಉಲ್ಟಾ.

ಎರಡೂ ಒಂದೇ ಜಾತಿಯವು. ಒಳಗೆ ಲೋಹ, ಮೇಲೆ ಪಿಂಗಾಣಿ. ಡಾಕ್ಟರುಗಳು ಪಿಎಫ್‌ಎಂ ಅನ್ನುವುದು ಇದನ್ನೇ. ಎಡಗಡೆಯದರ ಬುಡದಲ್ಲಿ ವಸಡು ಹಿಂದೆ ಸರಿದು ಕರಿಗೆರೆ ಕಾಣುತ್ತದೆ. ಕೋಡುಬಳೆ ಕಡಿಯುವಾಗ ಮೂಲೆಯ ಪಿಂಗಾಣಿ ಚೂರು ಎದ್ದುಹೋಗಿ ನಾಲಿಗೆಗೆ ತರಿತರಿ ತಾಗುತ್ತಿತ್ತು. ಬಲಗಡೆಯದು 2018ರ ಮಾರಿಕಾಂಬಾ ಜಾತ್ರೆಯ ವರ್ಷ ಹಾಕಿಸಿದ್ದು, ರೂಟ್ ಕೆನಾಲ್ ಆದ ದವಡೆ ಹಲ್ಲಿನ ಮೇಲೆ. ನೋಡಲಿಕ್ಕೆ ಪಕ್ಕದ ಸ್ವಂತ ಹಲ್ಲಿಗಿಂತ ಚೆಂದ. ನೋವಂತೂ ಇಲ್ಲವೇ ಇಲ್ಲ.

ಶಿರಸಿ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದಾಗ, "ಎರಡನ್ನೂ ತೆಗೆದು ಜಿರ್ಕೋನಿಯಾ ಹಾಕುವ" ಅಂದರು. ಜಿರ್ಕೋನಿಯಾ ಎಂದರೆ ಲೋಹವಿಲ್ಲದ, ಹಲ್ಲಿನ ಬಣ್ಣದ ಗಟ್ಟಿ ಸೆರಾಮಿಕ್. ಯಾಕೆ ಅಂತ ಕೇಳಿದರೆ "ಹಳೆಯದಾಯಿತಲ್ಲ" ಎಂಬುದೇ ಉತ್ತರ. ಕ್ಯಾಪಿಗೆ ಎಕ್ಸ್‌ಪೈರಿ ಡೇಟ್ ಇರುತ್ತದೆಯೇ? ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಯಲ್ಲಾಪುರ, ಕಲಘಟಗಿ ದಾಟಿ ಧಾರವಾಡದ ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ಮೊದಲು ವಿದ್ಯಾರ್ಥಿಗಳು ನೋಡುತ್ತಾರೆ, ಆಮೇಲೆ ಅವರ ಮೇಷ್ಟ್ರು ಬಂದು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಮಧ್ಯಾಹ್ನದ ಊಟ ತಪ್ಪುತ್ತದೆ. ಆದರೆ ಹುಡುಗರಿಗೆ ಪಾಠ ಹೇಳುವಾಗ ಬಾಯಿ ತೆರೆದು ಕೂತ ನಮಗೂ ಒಂದಿಷ್ಟು ಕಿವಿಗೆ ಬೀಳುತ್ತದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಹಾಗೆ ಕೇಳಿಸಿಕೊಂಡದ್ದೇ.

ಮೊದಲು ಎಡಗಡೆಯದು. ಕೊಕ್ಕೆಯಂಥ ತೆಳ್ಳನೆಯ ಸಲಾಕೆಯನ್ನು ಕ್ಯಾಪಿನ ಅಂಚಿಗುಂಟ ಸುತ್ತಲೂ ಎಳೆದು ನೋಡಿದರು. ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಜಾಗದಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಈ ಹಲ್ಲಿಗೆ ರೂಟ್ ಕೆನಾಲ್ ಆಗಿಲ್ಲ, ನರ ಜೀವಂತವಾಗಿದೆ. ಅಂಚು ಬಿಟ್ಟಿದ್ದರೆ ತಣ್ಣಗಿನ ಅಪ್ಪೆಹುಳಿ ಕುಡಿದಾಗ ಜುಂ ಅನ್ನುವ ಸಂಭವ ಹೆಚ್ಚು, ಹಾಗೇನೂ ಆಗುತ್ತಿರಲಿಲ್ಲ. ಕರಿಗೆರೆ ಎಂದರೆ ಒಳಗಿನ ಲೋಹದ ಅಂಚು ಹೊರಗೆ ಕಾಣುವುದು, ಅಷ್ಟೇ. ಅದು ಕಂಡ ಮಾತ್ರಕ್ಕೆ ಹುಳುಕು ಎನ್ನಲಾಗದು. ಮುಂದಿನ ಹಲ್ಲಾದರೆ ಚೆಂದಕ್ಕಾಗಿ ಬದಲಿಸಿಕೊಳ್ಳಬಹುದು, ದವಡೆಯೊಳಗೆ ಯಾರು ನೋಡುತ್ತಾರೆ? ಚೂರು ಎದ್ದ ಮೂಲೆಯನ್ನು ಉಜ್ಜಿ ನುಣುಪು ಮಾಡಿ ಕಳಿಸಿದರು. ಪಕ್ಕದ ಹಲ್ಲಿಗೆ ತಾಗುವ ಜಾಗದಲ್ಲೇ ಪಿಂಗಾಣಿ ಒಡೆದು ಸಂದಿ ಬಿಟ್ಟಿದ್ದರೆ ಅಥವಾ ಅಂಚೇ ಹೋಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಬಲಗಡೆಯ ಸುಂದರಾಂಗನ ಚರಿತ್ರೆ ಸ್ವಲ್ಪ ಉದ್ದ. ಅದೊಮ್ಮೆ ಕಡಲೆ ಚಿಕ್ಕಿಗೆ ಅಂಟಿಕೊಂಡು ಇಡಿಯಾಗಿ ಕಳಚಿ ಬಂದಿತ್ತು. ಆಗ ಒಳಗೆ ಹಳೆಯ ಸಿಮೆಂಟ್ ಬಿಟ್ಟರೆ ಏನೂ ಇರಲಿಲ್ಲ, ಹಲ್ಲೂ ಗಟ್ಟಿಯಿತ್ತು. ತೊಳೆದು ಹೊಸ ಸಿಮೆಂಟ್ ಹಾಕಿ ಅದನ್ನೇ ಕೂರಿಸಿದರು, ಖರ್ಚೂ ಅಲ್ಪ. ಕ್ಯಾಪ್ ಬಿದ್ದ ಮಾತ್ರಕ್ಕೆ ಹೊಸದು ಬೇಕಿಲ್ಲ, ಒಳಗೆ ನೋಡಬೇಕು. ಖಾಲಿಯಾಗಿ, ಆಕಾರ ಕೆಡದೆ ಬಂದಿದ್ದರೆ ಮತ್ತೆ ಅಂಟಿಸಬಹುದು. ಕ್ಯಾಪಿನ ಹೊಟ್ಟೆಯಲ್ಲಿ ಹಲ್ಲಿನ ಚೂರೇ ಮುರಿದು ಕೂತಿದ್ದರೆ ಅಥವಾ ಕಂದು ಬಣ್ಣದ ಮೆತ್ತನೆಯದೇನಾದರೂ ಇದ್ದರೆ ಅಂಟಿಸಿ ಪ್ರಯೋಜನವಿಲ್ಲ.

ಅಂಟಿಸಿದ್ದು ಚೆನ್ನಾಗಿಯೇ ನಿಂತಿತ್ತು. ಆಮೇಲೆ ಒಂದೇ ಸಂದಿಯಲ್ಲಿ ಅವಲಕ್ಕಿ, ಹಪ್ಪಳದ ಚೂರು ದಿನಾ ಸಿಕ್ಕಿಕೊಳ್ಳಲಿಕ್ಕೆ ಶುರುವಾಯಿತು. ಫ್ಲಾಸ್ ದಾರ ಎಳೆದರೆ ಎಳೆಎಳೆಯಾಗಿ ಬಿಚ್ಚಿಕೊಂಡು ಬರುತ್ತಿತ್ತು, ಮೂಗಿಗೆ ಹಿಡಿದರೆ ಕೊಳೆತ ವಾಸನೆ. ಎಡಗಡೆ ಅದೇ ದಾರ ಟಕ್ಕೆಂದು ಇಳಿದು ಶುದ್ಧವಾಗಿ ಮೇಲೆ ಬರುತ್ತಿತ್ತು. ಮನೆಯಲ್ಲೇ ಎರಡು ಕ್ಯಾಪ್ ಹೋಲಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಕನ್ನಡಿ ಏನೂ ಹೇಳಲಿಲ್ಲ, ನೋವೂ ಹೇಳಲಿಲ್ಲ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರವೇ ಇಲ್ಲದ ಮೇಲೆ ಹುಳುಕು ಒಳಗೊಳಗೇ ತಿಂದರೂ ಗೊತ್ತಾಗುವುದು ಹೇಗೆ? ಬೇರಿನ ತುದಿಗೆ ಸೋಂಕು ಇಳಿದು ವಸಡಿನಲ್ಲಿ ಕೀವಿನ ಗುಳ್ಳೆ ಎದ್ದ ಮೇಲೆ ಅನೇಕರು ಓಡುತ್ತಾರೆ. ನನ್ನದು ಅಲ್ಲಿಯವರೆಗೆ ಹೋಗಿರಲಿಲ್ಲ.

ಎಕ್ಸ್‌-ರೇ ತೆಗೆದರು. ಕ್ಯಾಪ್ ಬೆಳ್ಳಗೆ ಗೋಡೆಯ ಹಾಗೆ ಕಂಡಿತು. ಲೋಹವಾಗಲಿ ಜಿರ್ಕೋನಿಯಾ ಆಗಲಿ ಎಕ್ಸ್‌-ರೇ ತೂರಲು ಬಿಡುವುದಿಲ್ಲ. ಕಂಡದ್ದು ಕೆಳಗಿನ ಅಂಚು ಮಾತ್ರ, ಅಲ್ಲಿ ಒಂದು ಕಪ್ಪು ನೆರಳು. ಕೆನ್ನೆಯ ಕಡೆ, ನಾಲಿಗೆಯ ಕಡೆ ಏನಾಗಿದೆ ಎನ್ನುವುದಕ್ಕೆ ಮತ್ತೆ ಆ ಸಲಾಕೆಯೇ ಗತಿ. ಈ ಬಾರಿ ಅದು ಅಂಚಿನಲ್ಲಿ ಕಚ್ಚಿಕೊಂಡಿತು. ಕ್ಯಾಪಿಗೆ ಉದ್ದಕ್ಕೆ ಒಂದು ಸೀಳು ಕೊರೆದು, ಚಪ್ಪಟೆ ಉಪಕರಣ ಇಟ್ಟು ತಿರುಗಿಸಿದಾಗ ಎರಡು ಹೋಳಾಗಿ ಬಂತು. ಅಂಚಿನ ಹಲ್ಲು ಒತ್ತಿದರೆ ಸಲಾಕೆ ಇಳಿಯುವಷ್ಟು ಮೆತ್ತಗಾಗಿತ್ತು. ವಾಸನೆ ನನಗೇ ಬಡಿಯಿತು.

ಹೊಸದು ಹಾಕಬಹುದೋ ಇಲ್ಲವೋ ಎಂಬುದು ಅಲ್ಲಿಂದ ಮುಂದಿನ ಪ್ರಶ್ನೆ. ಹುಳುಕು ಪೂರ್ತಿ ಕೆರೆದ ಮೇಲೆ ವಸಡಿನಿಂದ ಮೇಲಕ್ಕೆ ಸುತ್ತಲೂ 1.5ರಿಂದ 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದರೆ ಕ್ಯಾಪಿಗೆ ಒಳ್ಳೆಯ ಹಿಡಿತ. ಅದಿಲ್ಲದಿದ್ದರೆ ವಸಡು ಕತ್ತರಿಸಿ ಹಲ್ಲು ಹೊರತೋರಿಸಬೇಕು, ಅದೂ ಆಗದಿದ್ದರೆ ಕೀಳಿಸಬೇಕು. ನನ್ನದು ಕಷ್ಟದಲ್ಲಿ ಪಾಸಾಯಿತು. ಇನ್ನೊಂದು ವರ್ಷ ಮುಂದೂಡಿದ್ದರೆ ಕ್ಯಾಪಿನ ಜತೆ ಹಲ್ಲಿನ ಆಸೆಯನ್ನೂ ಬಿಡಬೇಕಾಗಿತ್ತೋ ಏನೋ.

ಯಾವ ಕ್ಯಾಪ್ ಎಂಬ ಪ್ರಶ್ನೆ ಇಷ್ಟು ದೊಡ್ಡದಲ್ಲ, ಆದರೂ ಜನ ಕೇಳುವುದು ಅದನ್ನೇ. ನಾನು ಹಾಕಿಸಿದ್ದು ಮೇಲೆ ಪಿಂಗಾಣಿ ಪದರವಿಲ್ಲದ, ಇಡಿಯಾಗಿ ಜಿರ್ಕೋನಿಯಾದ್ದು. ಗಟ್ಟಿ, ಪಿಂಗಾಣಿ ಎದ್ದುಹೋಗುವ ಭಯವಿಲ್ಲ, ಬುಡ ಕಂಡರೂ ಕರಿಗೆರೆಯಿಲ್ಲ. ದುಬಾರಿ, ಮುಂದೆ ಕತ್ತರಿಸಿ ತೆಗೆಯುವುದೂ ಕಷ್ಟ. ಮೊದಲು ಕಚ್ಚಿದಾಗ ನೋವಾಯಿತು; ಹಲ್ಲಿನೊಳಗೆ ನರ ಇಲ್ಲದಿದ್ದರೂ ಬೇರಿನ ಸುತ್ತಲಿನ ಭಾಗಕ್ಕೆ ಒತ್ತಡ ತಿಳಿಯುತ್ತದೆ. ನೀಲಿ ಕಾಗದ ಕಚ್ಚಿಸಿ ಎತ್ತರವಿದ್ದ ಕಡೆ ಉಜ್ಜಿ ನುಣುಪು ಮಾಡಿದ ಮೇಲೆ ಸರಿಹೋಯಿತು. ಹೊಸ ಕ್ಯಾಪಿನಲ್ಲಿ ಇಂಥ ನೋವು ಬಂದರೆ ಕ್ಯಾಪೇ ಸರಿಯಿಲ್ಲ ಎಂದು ಗಾಬರಿ ಬೇಡ, ಮೊದಲು ಎತ್ತರ ನೋಡಿಸಿ. ಅಪ್ಪಯ್ಯನಿಗಿರುವುದು ಬರೀ ಲೋಹದ್ದು. ಅಗ್ಗ, ತೆಳ್ಳಗೆ, ಹಲ್ಲನ್ನು ಹೆಚ್ಚು ಅರೆಯಬೇಕಿಲ್ಲ. ದಿನಕ್ಕಿಷ್ಟು ಕವಳ ಹಾಕಿ ಅಡಿಕೆ ಕಡಿದರೂ ಒಡೆಯಲಿಲ್ಲ. ಆದರೆ ಸವೆದು ಸವೆದು ಮೇಲೆ ಸಾಸಿವೆಯಷ್ಟು ತೂತು ಬಿದ್ದಿದೆ. ಅದರಿಂದ ಎಂಜಲು ಒಳಗಿಳಿಯುತ್ತದೆ, ಬದಲಿಸಲೇಬೇಕು. "ನೋವೇ ಇಲ್ಲೆ, ಎಂತಕ್ಕೆ ತೆಗೆಸವು?" ಎಂದು ಅವರ ವಾದ. ಆ ಹಲ್ಲಿಗೂ ರೂಟ್ ಕೆನಾಲ್ ಆಗಿದೆ!

ರಾತ್ರಿ ಹೊತ್ತಿನಲ್ಲಿ ಕ್ಯಾಪ್ ಕಳಚಿದರೆ ತೊಳೆದು ಪುಟ್ಟ ಡಬ್ಬಿಯಲ್ಲಿಟ್ಟು, ಆ ಬದಿಯಲ್ಲಿ ಅಗಿಯದೆ, ಬೇಗ ತೋರಿಸಿ. ಫೆವಿಕ್ವಿಕ್ ಹಾಕಿ ಕೂರಿಸಬೇಡಿ. ಒಂದು ಕೂದಲೆಳೆ ಓರೆಯಾಗಿ ಕೂತರೂ ಮರುದಿನ ಅದನ್ನು ಕತ್ತರಿಸಿಯೇ ತೆಗೆಯಬೇಕಾದೀತು, ಅಂಟಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಕ್ಯಾಪಿನ ದುಡ್ಡು ತೆರಬೇಕಾದೀತು.